ಚೀಲ ಕಾಯುವವರು

ಈ ವಾರ ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಮೇಲೆ ನಮ್ಮತ್ತೆ ಆಡಿದ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ಗುಂಪಿನಲ್ಲಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ಕಾಲಡಿಯ ಕಾಂಕ್ರೀಟ್ ದಾರಿ ನೋಡಿ ಸಿಡಿಮಿಡಿಗೊಂಡಿದ್ದರು. "ಏನ್ರೀ ಇದು, ಎರಡೂವರೆ ಸಾವಿರ ವರ್ಷದ ಜಾಗಕ್ಕೆ ಸಿಮೆಂಟ್ ಸುರಿದಿದ್ದಾರಲ್ಲ!" ಕೋಲೂರಿ ನಿಂತಿದ್ದ ಅತ್ತೆ ಹೇಳಿದರು: "ನಿಮಗೇನಪ್ಪ, ಕಾಲು ಗಟ್ಟಿ ಇದೆ. ಇದಿಲ್ದಿದ್ರೆ ನಾನು ಕೆಳಗೇ ಚೀಲ ಕಾಯ್ತಾ ಕೂತಿರ್ತಿದ್ದೆ."

ಎಂಜಿನಿಯರ್ ಒಳ್ಳೆಯವರೇ, ತುಂಬಾ ಓದಿಕೊಂಡವರು. ಆದರೆ ಪಕ್ಕದಲ್ಲಿ ನಡೆಯುವವರ ಮಂಡಿ ಅವರ ಕಣ್ಣಿಗೆ ಬೀಳುವುದಿಲ್ಲ.

ದಾರಿಯ ಅಂಚಿನಲ್ಲಿ ಬಂಡೆ ಬರಿದಾಗಿ ಕಾಣುತ್ತಿತ್ತು. ಬೂದು ಸುಣ್ಣದಕಲ್ಲು, ಅಲ್ಲಲ್ಲಿ ನಸುಗೆಂಪು. ಡೈನೋಸಾರ್‌ಗಳ ಕಾಲದ್ದು. ಮೇಲಿರುವ ಪಾರ್ಥೆನಾನ್ ದೇಗುಲದ ಕಂಬಗಳ ಮಾರ್ಬಲ್ ದೂರದ ಪೆಂಟೆಲಿ ಬೆಟ್ಟದಿಂದ ಬಂತು, ಅದನ್ನೆಲ್ಲ ಹೊತ್ತು ನಿಂತಿರುವುದು ಈ ಸುಣ್ಣದಕಲ್ಲು. ತುಳಿದಷ್ಟೂ ನುಣುಪಾಗುವ ಕಲ್ಲು ಇದು. ಬಗ್ಗಿ ಸವರಿದೆ. ರುಬ್ಬಿ ರುಬ್ಬಿ ಸವೆದ ಒರಳಿನ ಒಳಮೈ ಥರ ಇತ್ತು. ಮಳೆ ಬಿದ್ದರೆ ಎಳೆಯರೂ ಜಾರುತ್ತಾರೆ.

ಇದು ಹಿಂದಿನವರಿಗೂ ಗೊತ್ತಿತ್ತು. ಪ್ರೊಪಿಲಿಯಾ ಹೆಬ್ಬಾಗಿಲು ದಾಟಿ ಏರುವಲ್ಲಿ ಕಾಲು ಜಾರದಿರಲೆಂದು ಬಂಡೆಗೆ ಅಡ್ಡಡ್ಡ ಗೀರು ಕೊರೆದಿದ್ದಾರೆ. ದಕ್ಷಿಣದಲ್ಲಿ ಗುಡ್ಡ ಇಳಿಜಾರಾಗಿತ್ತು, ಅಲ್ಲಿ ಗೋಡೆ ಕಟ್ಟಿ ಮಣ್ಣು ತುಂಬಿಸಿದರು. ಆ ಬದಿಯ ಒಂದು ಮೂಲೆಯಲ್ಲಿ ಪಾರ್ಥೆನಾನ್ ತಳಪಾಯ 10 ಮೀಟರಿಗೂ ಜಾಸ್ತಿ ಆಳಕ್ಕೆ ಇಳಿದಿದೆ. ಅದೂ ಸುಣ್ಣದಕಲ್ಲೇ, ಪಿರೇಯಸ್ ಬಂದರಿನ ಕಡೆಯಿಂದ ತಂದದ್ದು. ಬಂಡೆಯನ್ನು ಇದ್ದ ಹಾಗೇ ಬಿಟ್ಟ ಕಾಲವೇ ಇಲ್ಲ, ಅಲ್ವಾ?

ಕಾಂಕ್ರೀಟ್ ಬಂದದ್ದು 2020ರಲ್ಲಿ. ಅದೇ ವರ್ಷ ಉತ್ತರದ ಬದಿಗೆ ಹೊಸ ಲಿಫ್ಟ್ ಕೂಡ ಬಂತು. ಅತ್ತೆ ಮೇಲೆ ಬಂದದ್ದು ಅದರಲ್ಲೇ. ಬಂದವರೇ ಕೇಳಿದರು, "ಇಷ್ಟು ಎತ್ತರದಲ್ಲಿ ಇವರಿಗೆ ನೀರು ಎಲ್ಲಿಂದ?" ಬಂಡೆಯ ಬಿರುಕಲ್ಲಿ ಇಳಿದ ಮಳೆನೀರು ಅಡಿಯಲ್ಲಿ ನೀರು ಇಳಿಯದ ಬೇರೆ ಪದರ ತಾಕಿ ನಿಲ್ಲುತ್ತದೆ, ಬುಡದಲ್ಲಿ ಒರತೆಯಾಗಿ ಬರುತ್ತದೆ ಅಂದೆ. ವಾಯವ್ಯದ ಕ್ಲೆಪ್ಸಿಡ್ರಾ ಅಂಥದ್ದೇ. ಗುಡ್ಡದ ಮೇಲೆ ಜನ ನೆಲೆಯೂರಿದ್ದಕ್ಕೆ ಈ ನೀರೂ ಕಾರಣ. ಗುಂಪಿನಲ್ಲಿ ಈ ಪ್ರಶ್ನೆ ಕೇಳಿದ್ದು ಅವರೊಬ್ಬರೇ.

ಚೀಲ ಕಾಯ್ತಾ ಕೂತಿರ್ತಿದ್ದೆ. ಶ್ರವಣಬೆಳಗೊಳದಲ್ಲಿ ಹಾಗೇ ಕೂತಿದ್ದರು. ನಾವೆಲ್ಲ ಹತ್ತಿ ಇಳಿದು ಬಂದು, ಮೇಲೆ ಎಷ್ಟು ಚೆನ್ನಾಗಿತ್ತು ಅಂತ ಅವರಿಗೇ ವರ್ಣಿಸಿದ್ದೆವು. ಪ್ರತಿ ಬೆಟ್ಟದ ಬುಡದಲ್ಲೂ ಹೀಗೆ ಚಪ್ಪಲಿ, ಚೀಲ, ನಿದ್ದೆಹೋದ ಮಗು ಕಾಯುವವರು ಇರುತ್ತಾರೆ. ಹೆಚ್ಚಿನವರು ಹೆಂಗಸರು. ಮೇಲೆ ಏನಿದೆ ಅಂತ ನೋಡುವ ಆಸೆ ಅವರಿಗಿಲ್ಲ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ.

ಬಂಡೆ ಮುಚ್ಚಿದ್ದು ನನಗೂ ಹಿಡಿಸಲಿಲ್ಲ. ದಾರಿ ಬೇಕಾದ್ದಕ್ಕಿಂತ ಅಗಲ ಇದೆ. ಕಿರಿದು ಮಾಡಲಿ, ಗೀರು ಕೊರೆದ ಕಲ್ಲನ್ನು ಇನ್ನಷ್ಟು ಬಿಟ್ಟು ತೋರಿಸಲಿ. ಕಿತ್ತು ಹಾಕಿ ಅಂತ ಮಾತ್ರ ನಾನು ಹೇಳಲಾರೆ.