ಹಳೇ ಫೋರ್ ವೀಲ್ ಡೀಸೆಲ್ ಪಿಕಪ್: ಬಿಚ್ಚುವ ಮೊದಲು ಅಳೆಯಿರಿ

ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲಗಳಲ್ಲಿ ದುಡಿದ ಹಳೆಯ ಮಹೀಂದ್ರ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಕೊಡಬಹುದಾದ) ಗಾಡಿ ಮನೆಯಂಗಳಕ್ಕೆ ಬಂದ ದಿನವೇ ಇಂಜಿನ್ ಇಳಿಸುವವರಿದ್ದಾರೆ. ದುಡ್ಡು ಹಾಳಾಗುವುದು ಅಲ್ಲೇ. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಏರಿನಲ್ಲಿ ಎಳೆಯುವುದಿಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ಡೀಸೆಲ್ ಪೈಪಿನಲ್ಲೇ ಬಗೆಹರಿಯುತ್ತವೆ. ನಿಜವಾದ ಕೆಲಸ ಗಾಡಿಯ ಅಡಿಗಿರುತ್ತದೆ: ಚಾಸಿ, ಬ್ರೇಕ್, ಮುಂದಿನ ಆಕ್ಸಲ್.

ಇಲ್ಲಿ ಹೇಳುತ್ತಿರುವುದು 2000ಕ್ಕೂ ಹಿಂದಿನ, ನಾಲ್ಕೂ ಕಡೆ ಪಾಟಾ (ಪಟ್ಟಿ ಸ್ಪ್ರಿಂಗ್) ಇರುವ, ವಿಲ್ಲಿಸ್ ಜೀಪಿನ ವಂಶದ ಗಾಡಿಗಳ ಬಗ್ಗೆ. ಅವುಗಳಲ್ಲಿ ಹೆಚ್ಚಾಗಿ ಸಿಗುವ ಇಂಜಿನ್ ಎರಡು ಬಗೆಯವು. ಒಂದು ಪ್ಯೂಜೊ, 2112 ಸಿಸಿ ಅಥವಾ 2498 ಸಿಸಿ. ಇನ್ನೊಂದು ಮಹೀಂದ್ರದ ಡಿಐ (ಡೀಸೆಲ್ ನೇರ ಸಿಲಿಂಡರಿಗೆ ಚಿಮ್ಮುವ ಬಗೆ), 2523 ಸಿಸಿ, ಬೋರ್ 88.9 ಮಿಮೀ, ಸ್ಟ್ರೋಕ್ 101.6 ಮಿಮೀ. ಪ್ಯೂಜೊಗೆ ಸ್ಟಾರ್ಟ್ ಮಾಡುವ ಮುಂಚೆ ಒಳಗೆ ಬಿಸಿಮಾಡುವ ಹೀಟರ್ ಪ್ಲಗ್ ಇದೆ. ಧಾರವಾಡದ ಡಿಸೆಂಬರ್ ಚಳಿಯಲ್ಲಿ ಇಂಜಿನ್ ಹಟ ಹಿಡಿದರೆ ಇಂಜೆಕ್ಷನ್ ಪಂಪಿಗೆ (ಒತ್ತಡದಲ್ಲಿ ಡೀಸೆಲ್ ಕೊಡುವ ಪಂಪ್) ಕೈ ಹಾಕುವ ಮೊದಲು ನಾಲ್ಕೂ ಪ್ಲಗ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಎರಡು ಸತ್ತಿದ್ದರೂ ಮಧ್ಯಾಹ್ನ ಏನೂ ಗೊತ್ತಾಗುವುದಿಲ್ಲ, ನಸುಕಿನಲ್ಲಿ ಗೊತ್ತಾಗುತ್ತದೆ.

ಮೊದಲು ತೊಳೆಯುವುದು. ಎರೆ ಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ಒಣಗಿದ್ದನ್ನು ಕೆರೆಯಲು ಹೋದರೆ ಬ್ರೇಕ್ ಪೈಪು ಹರಿಯುತ್ತದೆ. ಒದ್ದೆ ಗೋಣಿತಟ್ಟು ಹೊದಿಸಿ ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ನೀರು ಹೊಡೆಯಿರಿ. ಚಾಸಿ ಮತ್ತು ಬಾಡಿ ಕೂಡುವ ಸಂದು, ಪಾಟಾದ ಹ್ಯಾಂಗರ್‌ಗಳ ಹಿಂಭಾಗ, ಬ್ಯಾಟರಿ ತಟ್ಟೆಯ ಕೆಳಗೆ, ಹಿಂದಿನ ಡಬ್ಬಿಯ ಅಡ್ಡಪಟ್ಟಿ, ರಾಡಿ ಕೂತಿರುವ ಜಾಗಗಳು ಇವೇ. ಈ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಮಳೆ ನಿಂತು ಎಷ್ಟೋ ದಿನಗಳಾದರೂ ಒಳಗೆ ಕಬ್ಬಿಣ ಹಸಿಯಾಗೇ ಇರುತ್ತದೆ. ಜಂಗು ಹತ್ತುವುದೂ ಅಲ್ಲೇ.

ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಬಡಿಯುತ್ತ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಎನ್ನುತ್ತದೆ, ತಿಂದುಹೋದಲ್ಲಿ ದಬ್ ಎಂದು ಮಂಕಾಗಿ ಕೇಳುತ್ತದೆ. ತೇಪೆ ಹಾಕುವುದಾದರೆ ಹಳೇ ಕಬ್ಬಿಣದಷ್ಟೇ ದಪ್ಪದ ತಗಡು ತಗೊಳ್ಳಿ. ಅದರ ತುದಿಗಳನ್ನು ನೇರ ಕತ್ತರಿಸಬೇಡಿ, ಓರೆಯಾಗಿ ಕತ್ತರಿಸಿ. ಚಾಸಿಗೆ ಅಡ್ಡಲಾಗಿ ಮೇಲಿಂದ ಕೆಳಗೆ ನೇರ ವೆಲ್ಡಿಂಗ್ ಎಳೆದರೆ, ಲೋಡ್ ಬಿದ್ದಾಗ ಸರಿಯಾಗಿ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತಂತಿಗಳನ್ನೂ ಆಲ್ಟರ್ನೇಟರ್ ತಂತಿಯನ್ನೂ ಬಿಚ್ಚಿಡಿ. ಚಾಸಿ ನಂಬರ್ ಕೊರೆದಿರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಮುಂದೆ ಆರ್‌ಟಿಒ ಪಾಸಿಂಗ್‌ಗೆ ಆ ಅಕ್ಷರಗಳು ಬೇಕೇ ಬೇಕು.

ಈಗ ಇಂಜಿನ್. ಬಿಚ್ಚಬೇಡಿ, ಅಳೆಯಿರಿ. ಟ್ಯಾಪೆಟ್ (ವಾಲ್ವ್ ಸಂದು) ಸರಿಮಾಡಿಕೊಂಡು, ಪೂರ್ತಿ ಚಾರ್ಜ್ ಆದ ಬ್ಯಾಟರಿ ಇಟ್ಟುಕೊಂಡು, ಸಿಲಿಂಡರಿನ ಒತ್ತಡ ಅಳೆಯಲು ಡೀಸೆಲ್‌ಗೆಂದೇ ಇರುವ ಕಂಪ್ರೆಶನ್ ಗೇಜ್ ಹಾಕಿ ನೋಡಿ. ಪೆಟ್ರೋಲ್ ಗೇಜು ಈ ಒತ್ತಡಕ್ಕೆ ತಾಳುವುದಿಲ್ಲ. ಆರೋಗ್ಯವಿರುವ ಇಂಜಿನ್ ಸಾಮಾನ್ಯವಾಗಿ 25ರಿಂದ 30 ಬಾರ್ ತೋರಿಸುತ್ತದೆ. ನಾಲ್ಕೂ ಸಿಲಿಂಡರ್ 20ರ ಕೆಳಗಿದ್ದರೆ ಲೈನರ್-ಪಿಸ್ಟನ್ ಕೆಲಸ ತಪ್ಪದು. ಒಂದೇ ಸಿಲಿಂಡರ್ ಬಿದ್ದಿದ್ದರೆ ಮೊದಲು ವಾಲ್ವ್ ಮತ್ತು ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಟ್ಯಾಪೆಟ್‌ಗೆ ಸುಲಭ ಹಾದಿ ಒಂದಿದೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2 ಇರುವುದರಿಂದ 4ನೇ ಸಿಲಿಂಡರಿನ ಎರಡೂ ವಾಲ್ವ್ ಒಂದು ಮುಚ್ಚುತ್ತ, ಇನ್ನೊಂದು ತೆರೆಯುತ್ತ ತೂಗಾಡುವಾಗ 1ನೆಯದನ್ನು ಸರಿಮಾಡಿ. 2 ತೂಗಾಡುವಾಗ 3, 1 ತೂಗಾಡುವಾಗ 4, 3 ತೂಗಾಡುವಾಗ 2.

ಡೀಸೆಲ್ ದಾರಿಯಲ್ಲಿ ಜನ ಎಡವುವುದು ಒಂದೇ ಕಡೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಎಳೆಯುವ ಕಡೆಯದು. ಅಲ್ಲಿ ಬಿರುಕಿದ್ದರೆ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಹವಾ ಒಳಗೆ ಹೋಗುತ್ತದೆ. ಹೊರಗಿನಿಂದ ಪೈಪು ಒಣಗಿ ಚೊಕ್ಕವಾಗಿ ಕಾಣುತ್ತದೆ, ಹಾಗಾಗಿ ಯಾರೂ ಅದನ್ನು ಮುಟ್ಟುವುದಿಲ್ಲ, ಪಂಪ್ ಮೇಲೆ ತಪ್ಪು ಹೊರಿಸುತ್ತಾರೆ. ಸಂಜೆ ಚೆನ್ನಾಗಿ ಓಡಿದ ಗಾಡಿ ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೆದ ಮೇಲೆ ಎದ್ದರೆ ಇದೇ ರೋಗ ಇರಬಹುದು. ಫೀಡ್ ಪಂಪಿನ ಮುಂಚೆ ಒಂದು ಅಡಿ ಪಾರದರ್ಶಕ ಪೈಪು ಕೂಡಿಸಿ ಗುಳ್ಳೆ ಬರುತ್ತವೆಯೇ ನೋಡಿ. ಇನ್ನೂ ಖಾತ್ರಿಯಾಗಬೇಕೆಂದರೆ 5 ಲೀಟರ್ ಕ್ಯಾನಿನಿಂದ ನೇರ ಡೀಸೆಲ್ ಕೊಟ್ಟು ಓಡಿಸಿ. ಹೀಗೆ ಸರಿಯಾಗಿ ಓಡಿದರೆ ತಪ್ಪು ಟ್ಯಾಂಕ್ ಅಥವಾ ಪೈಪಿನದು, ಇಂಜಿನ್ನಿನದಲ್ಲ.

ಹವಾ ತೆಗೆಯುವ ಕ್ರಮ ಹೀಗೆ: ಮೊದಲು ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತಿ ಬಿಗಿಮಾಡಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ. ಕಡೆಗೆ ಇಂಜೆಕ್ಟರ್ ನಟ್‌ಗಳನ್ನು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಸಡಿಲ ನಟ್‌ನ ಹತ್ತಿರ ಕೈ ಒಯ್ಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹಾಗಾದರೆ ತಕ್ಷಣ ಆಸ್ಪತ್ರೆಗೇ ಹೋಗಬೇಕು. ತಾಮ್ರದ ವಾಷರ್‌ಗಳನ್ನು ಹೊಸವನ್ನೇ ಹಾಕಿ. ಪಂಪನ್ನೂ ನಾಝಲ್‌ಗಳನ್ನೂ ಮನೆಯಲ್ಲಿ ಬಿಚ್ಚಬಾರದು. ಬಿಡಿಸಿ ಹುಬ್ಬಳ್ಳಿಯ ಪಂಪ್ ರೂಮಿಗೆ ಒಯ್ದು ಟೆಸ್ಟ್ ಬೆಂಚಿನ ಮೇಲೆ ಹಾಕಿಸಿ.

ಮುಂದಿನ ಆಕ್ಸಲ್‌ಗೆ ಬಂದರೆ, ಫೋರ್ ವೀಲ್ ಲಿವರ್ ಹಾಕದೆ ವರ್ಷಗಟ್ಟಲೆ ಓಡಿಸಿದ ಗಾಡಿಯಲ್ಲಿ ಹೆಚ್ಚು ಕೆಟ್ಟಿರುವುದು ಇದೇ. ಆಯಿಲ್ ಸೀಲ್ ಸೋರುತ್ತಿದ್ದರೆ ಹೊಸ ಸೀಲ್ ತರುವ ಮೊದಲು ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಹವಾ ಹೊರಬಿಡುವ ಸಣ್ಣ ನಳಿಕೆ) ತೆಗೆದು ಊದಿ ನೋಡಿ. ಎರೆ ಮಣ್ಣು ಅದರ ಬಾಯಿ ಕಟ್ಟಿರುತ್ತದೆ. ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದೆ ಸೀಲಿನ ಅಂಚಿನಿಂದ ಎಣ್ಣೆಯನ್ನು ತಳ್ಳುತ್ತದೆ. ಬ್ರೀದರ್ ಬಿಡಿಸದೆ ಎಷ್ಟು ಸೀಲ್ ಬದಲಿಸಿದರೂ ಸೋರುವುದು ನಿಲ್ಲದು.

ನಲವತ್ತರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗಿದರೆ ಮೊದಲು ಟೈ ರಾಡ್ ತುದಿಗಳನ್ನು, ನಂತರ ಕಿಂಗ್‌ಪಿನ್ (ಮುಂದಿನ ಚಕ್ರ ಎಡ-ಬಲ ತಿರುಗುವ ಗೂಟ) ಬೇರಿಂಗ್‌ಗಳನ್ನು ನೋಡಿ. ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಒಬ್ಬರು ಬ್ರೇಕ್ ಒತ್ತಿದಾಗ ಆಟ ನಿಂತರೆ ಚಕ್ರದ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್‌ಪಿನ್. ಕಿಂಗ್‌ಪಿನ್ ಬಿಗಿಯನ್ನು ಶಿಮ್ (ತೆಳು ತಗಡಿನ ಪದರ) ತೆಗೆದು ಹೊಂದಿಸುತ್ತಾರೆ. ಟೈ ರಾಡ್ ಕಳಚಿ, ಸೀಲ್ ತೆಗೆದು, ಸ್ಟೇರಿಂಗ್ ಆರ್ಮ್‌ಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ ಈ ವಂಶದ ಆಕ್ಸಲ್‌ಗೆ ಸುಮಾರು 5.5ರಿಂದ 7 ಕೆಜಿಯಲ್ಲಿ ತಿರುಗಬೇಕು. ಚಕ್ರದ ಬೇರಿಂಗ್ ನಟ್ ಅನ್ನು ಚಕ್ರ ತಿರುಗಿಸುತ್ತಲೇ ಬಿಗಿಮಾಡಿ, ಹಿಡಿದುಕೊಂಡಾಗ ಆರನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು, ಲಾಕ್ ವಾಷರ್ ಮಡಚಿ ಎರಡನೇ ನಟ್ ಹಾಕಿ.

ಇನ್ನೊಂದು ಮೋಸ ಗುಜರಿಯಿಂದ ಬರುತ್ತದೆ. ಯಾರೋ ಎಂದೋ ಹಿಂದಿನ ಆಕ್ಸಲ್ ಬದಲಿಸಿರುತ್ತಾರೆ, ರೇಶಿಯೊ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಎಂಬ ಲೆಕ್ಕ) ನೋಡಿರುವುದಿಲ್ಲ. ಮುಂದೆ 5.38, ಹಿಂದೆ 4.88 ಇದ್ದರೆ ಟೂ ವೀಲ್‌ನಲ್ಲಿ ಏನೂ ತಿಳಿಯದು, ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಆಕ್ಸಲ್ ಒಂದಕ್ಕೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಬಲ ಹಂಚುವ ಡಬ್ಬಿ) ಅಥವಾ ಕ್ರಾಸ್ (ಶಾಫ್ಟಿನ ಕೀಲು) ಮುರಿಯುತ್ತದೆ. ಅಳೆಯಲು ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಒಂದು ಚಕ್ರ ನೆಲದಲ್ಲಿರಲಿ, ಇನ್ನೊಂದನ್ನು ಎತ್ತಿ ಸರಿಯಾಗಿ 2 ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ರೇಶಿಯೊ. ಮುಂದಿನದನ್ನು ಅಳೆಯುವಾಗ ಹಬ್ (ಚಕ್ರವನ್ನು ಆಕ್ಸಲ್‌ಗೆ ಕೂಡಿಸುವ ಕೊಂಡಿ) ಲಾಕ್ ಇರಲಿ, ಲಿವರ್ ಟೂ ವೀಲ್‌ನಲ್ಲಿರಲಿ. ಎರಡರ ನಡುವಿನ ವ್ಯತ್ಯಾಸ ಬರೀ ಅರ್ಧ ಸುತ್ತು, ಆದ್ದರಿಂದ ಶಾಫ್ಟಿಗೆ ಸುಣ್ಣದ ಗುರುತು ಹಾಕಿಕೊಂಡು ಎಣಿಸಿ.

ಇಲ್ಲಿ ಜೀವಕ್ಕೆ ಸಂಬಂಧಿಸಿದ ಮಾತೊಂದಿದೆ. ಈ ಗಾಡಿಗಳಲ್ಲಿ ಎಷ್ಟೋ ಕಡೆ ಹ್ಯಾಂಡ್ ಬ್ರೇಕ್ ಇರುವುದು ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿಗೆ. ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಆಟದಿಂದ ಆ ಬ್ರೇಕ್ ಹಿಡಿಯುವುದಿಲ್ಲ, ಗಾಡಿ ಉರುಳುತ್ತದೆ. ಉಳಿದ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಡದೆ, ಸ್ಟ್ಯಾಂಡ್ ಇಡದೆ ಕೆಳಗೆ ನುಸುಳಬೇಡಿ. ಅದೇ ಬ್ರೇಕಿನ ಲೈನರ್ ಎಣ್ಣೆಯಲ್ಲಿ ನೆನೆದಿದ್ದರೆ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಸೀಲ್ ಹೋಗಿದೆ ಎಂದರ್ಥ.

ಎಣ್ಣೆಯಲ್ಲೂ ಜೋಪಾನ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ 80ಡಬ್ಲ್ಯೂ-90, ಆಕ್ಸಲ್‌ಗಳಿಗೆ ಜಿಎಲ್-5. ಜಿಎಲ್-5ರಲ್ಲಿರುವ ಗಂಧಕದ ಅಂಶ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು. ಗೇರ್‌ಬಾಕ್ಸ್ ಮಟ್ಟ ಇಳಿದು ಟ್ರಾನ್ಸ್‌ಫರ್ ಕೇಸಿನ ಮಟ್ಟ ಏರಿದ್ದರೆ ಹೊರಗೆ ಸೋರಿಕೆ ಹುಡುಕಬೇಡಿ, ಎರಡರ ನಡುವಿನ ಸೀಲ್ ಸವೆದಿದೆ.

ಬ್ರೇಕ್ ನಾಲ್ಕೂ ಡ್ರಮ್. ವೀಲ್ ಸಿಲಿಂಡರ್ ಒಳಗೆ ಜಂಗಿನ ಕುಳಿ ಕಂಡರೆ ಕಿಟ್ ಹಾಕಿ ಸಮಾಧಾನಪಡಬೇಡಿ, ಸಿಲಿಂಡರನ್ನೇ ಬದಲಿಸಿ. ಹವಾ ತೆಗೆಯುವುದು ದೂರದ್ದರಿಂದ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ವೈರಿಂಗ್ ಪೂರ್ತಿ ಹೊಸದೇ ಇರಲಿ. ಪೇಂಟು ಎಲ್ಲಕ್ಕಿಂತ ಕಡೆಗೆ.

ಪ್ರೊಪೆಲ್ಲರ್ ಶಾಫ್ಟ್ ಕಳಚುವ ಮುಂಚೆ ಎರಡೂ ತುಂಡುಗಳ ಮೇಲೆ ಗುರುತು ಹಾಕಿ, ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಸಮಕ್ಕೆ ಕೂರದಿದ್ದರೆ ಓಡುವಾಗ ಜುಮ್ಮೆನ್ನುತ್ತದೆ. ಪಾಟಾ ಇಳಿಸಿದ್ದರೆ ಯು ಬೋಲ್ಟ್ ಹೊಸವು ಬೇಕು, 500 ಕಿಮೀ ಓಡಿದ ಮೇಲೆ ಮತ್ತೆ ಬಿಗಿಮಾಡಬೇಕು. ಫೋರ್ ವೀಲ್‌ನ ಮೊದಲ ಪರೀಕ್ಷೆ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಟಾರಿನ ಮೇಲೆ ಬೇಡ. ಈ ಗಾಡಿಗಳಿಗೆ ನಡುವೆ ಡಿಫರೆನ್ಶಿಯಲ್ ಇಲ್ಲ, ಟಾರಿನಲ್ಲಿ ತಿರುವು ಹಾಕಿದರೆ ಲಿವರ್ ಸಿಕ್ಕಿಕೊಳ್ಳುತ್ತದೆ. ನೇಗಿಲು ಹೊಡೆದ ಹೊಲದಲ್ಲಿ ಹಾಕಿ, ಹತ್ತಾರು ಮಾರು ಓಡಿಸಿ, ನೆಟ್ಟಗೆ ಹಿಂದಕ್ಕೆ ಬಂದು ಲಿವರ್ ತೆಗೆಯಿರಿ. ಹಗುರವಾಗಿ ಬಿಟ್ಟುಕೊಟ್ಟರೆ ಟೈರು, ರೇಶಿಯೊ ಎರಡೂ ಹೊಂದಿವೆ. ಜಗ್ಗಿ ಎಳೆಯಬೇಕಾಯಿತೆಂದರೆ ನಾಲ್ಕೂ ಟೈರಿನ ಹವಾ ಮತ್ತು ಸುತ್ತಳತೆಯನ್ನು ಟೇಪು ಹಿಡಿದು ಅಳೆಯಿರಿ.