ಹಡಗು ಹತ್ತುವ ಮುಂಚೆ ಔಷಧಿಯ ಹೆಸರು ಪೂರ್ತಿ ಓದಿ

ಒಂದೆರಡು ದಿನ ಹಡಗಿನಲ್ಲಿ ಹೋಗುವ ಯೋಚನೆ ಇದೆಯಾ? ಗಾಡಿ ಹತ್ತಿದರೆ ವಾಂತಿ ಬರುವ ಮೈ ನಿಮ್ಮದಾದರೆ, ಬೇಕಾದದ್ದು ಹೊಯೊಸಿನ್ ಹೈಡ್ರೋಬ್ರೋಮೈಡ್. ಸ್ಕೋಪೋಲಮೈನ್ ಅಂದರೂ ಅದೇ. ನನಗೆ ಹೋಗುವಾಗ ಅಂಗಡಿಯವರು ಕೊಟ್ಟದ್ದು ಹೊಯೊಸಿನ್ ಬ್ಯುಟೈಲ್‌ಬ್ರೋಮೈಡ್. ಕೇಳಿದ್ದಕ್ಕೆ 'ಎರಡೂ ಒಂದೇ' ಅಂದರು. ಖಂಡಿತ ಒಂದಲ್ಲ. ಅದು ಹೊಟ್ಟೆ ಹಿಡಿದುಕೊಂಡಾಗ ನುಂಗುವ ಮಾತ್ರೆ, ಮಿದುಳಿಗೆ ಅಷ್ಟಾಗಿ ತಲುಪುವುದೇ ಇಲ್ಲ. ತೊಂದರೆ ಇರುವುದೇ ಅಲ್ಲಿ ಅಲ್ವಾ? ಒಳಕಿವಿ ಅಲುಗಾಡುತ್ತಿದ್ದೇವೆ ಅನ್ನುತ್ತದೆ, ಕ್ಯಾಬಿನ್ ಗೋಡೆ ನೋಡುವ ಕಣ್ಣು ಇಲ್ಲ ಅನ್ನುತ್ತದೆ. ಆ ಸುದ್ದಿಯನ್ನು ವಾಂತಿಯ ಕೇಂದ್ರಕ್ಕೆ ದಾಟಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಮಿದುಳಿನಲ್ಲೇ ತಡೆಯಬೇಕು. ರಾತ್ರಿಯಿಡೀ ಕೆಳಗಿನ ಡೆಕ್ಕಿನಲ್ಲಿ ಚೀಲ ಹಿಡಿದು ಕೂತಿದ್ದೆ, ಮೇಲೆ ಡೀಸೆಲ್ ವಾಸನೆ ಬೇರೆ.

ವಾಪಸ್ ಬರುವಾಗ ವೈದ್ಯರಿಂದ ಸ್ಕೋಪೋಲಮೈನ್ ಇರುವ, ಕಿವಿ ಹಿಂದೆ ಅಂಟಿಸುವ ಪಟ್ಟಿ ಬರೆಸಿಕೊಂಡೆ. ಕಾಸಿನಗಲದ್ದು. ಸಮುದ್ರ ಹಾಗೇ ಏಳುತ್ತಿತ್ತು, ನಾನು ಮಾತ್ರ ನಿದ್ದೆ ಮಾಡಿದೆ! ಕೂದಲಿಲ್ಲದ, ಗಾಯವಿಲ್ಲದ ಒಣ ಚರ್ಮಕ್ಕೆ ಕನಿಷ್ಠ 4 ಗಂಟೆ ಮುಂಚೆ ಅಂಟಿಸಿ. ಒಂದು ಪಟ್ಟಿ 72 ಗಂಟೆ ಬರುತ್ತದೆ. ಕತ್ತರಿಸಿ ಅರ್ಧ ಮಾಡಬೇಡಿ. ವಾಂತಿ ಶುರುವಾದ ಮೇಲೆ ಹಾಕಿದರೆ ಉಪಯೋಗ ಕಡಿಮೆ.

ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಲೇಬೇಕು. ಪಕ್ಕದ ಸೀಟಿನವರು ಹಾಗೇ ಕಣ್ಣು ಉಜ್ಜಿಕೊಂಡರು. ಸ್ವಲ್ಪ ಹೊತ್ತಿಗೆ ಒಂದು ಕಣ್ಣಿನ ಪಾಪೆ ದೊಡ್ಡದಾಗಿ, ಇನ್ನೊಂದು ಮಾಮೂಲಿಯಾಗೇ ಇತ್ತು. ಪಾರ್ಶ್ವವಾಯು ಅಂತ ಮನೆಯವರೆಲ್ಲ ಗಾಬರಿಯಾದರು. ನನಗೆ ಬಾಯಿ ಒಣಗಿ ಅಂಟಂಟಾಯಿತು, ಟಿಕೆಟ್ಟಿನ ಸಣ್ಣ ಅಕ್ಷರ ಮಸುಕಾಯಿತು. ಆ ರಾತ್ರಿಗೆ ಹೋಲಿಸಿದರೆ ಇದು ಏನೂ ಅಲ್ಲ.

ಆದರೆ ಎಲ್ಲರಿಗೂ ಇದು ಆಗಲ್ಲ. ಕೋನ ಮುಚ್ಚುವ ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇದ್ದವರು ಹಾಕಲೇಬಾರದು. ಪ್ರಾಸ್ಟೇಟ್ ಊದಿದವರಿಗೆ ಮೂತ್ರ ಕಟ್ಟಬಹುದು. ವಯಸ್ಸಾದವರಿಗೆ ಮಂಕು, ಗೊಂದಲ ಕವಿಯಬಹುದು. ಮಕ್ಕಳಿಗಂತೂ ಸುಮ್ನೆ ಅಂಟಿಸಬೇಡಿ. ಬೆವರು ಕಡಿಮೆಯಾಗುವುದರಿಂದ ಸುಡುಬಿಸಿಲಿನಲ್ಲಿ ಡೆಕ್ಕಿನ ಮೇಲೆ ಕೂರಬೇಡಿ. ಮದ್ಯ ಬೇಡ.

ಸೀಟು ಹಡಗಿನ ನಡುಭಾಗದಲ್ಲೇ ಹಿಡಿಯಿರಿ. ಅಲ್ಲಿ ಜನ ಜಾಸ್ತಿ, ಗದ್ದಲವೂ ಇತ್ತು. ಗದ್ದಲ ನಾನು ಸಹಿಸುತ್ತೇನೆ, ಅಲುಗಾಟ ಅಲ್ಲ.

ಕೆಲವು ದಿನ ಪಟ್ಟಿ ಹಾಕಿಕೊಂಡು ಕಿತ್ತವರಿಗೆ ಮಾರನೆಯ ದಿನ ತಲೆಸುತ್ತು, ವಾಕರಿಕೆ ಬರುವುದುಂಟು. ಇಳಿದ ಕೂಡಲೇ ಕಾರು ಓಡಿಸುವ ಯೋಜನೆ ಇಟ್ಟುಕೊಳ್ಳಬೇಡಿ.