ಬಲರಾಜ್ ಸಾಹ್ನಿ: ಜನರ ನಡುವೆ ರೂಪುಗೊಂಡ ನಟ

ಹಿಂದಿ ಚಿತ್ರನಟ ಬಲರಾಜ್ ಸಾಹ್ನಿಯವರ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಅವರನ್ನು 'ಸಹಜ ನಟ' ಎಂದು ಕರೆದು ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ನನಗೆ ಈ ಮಾತು ಎಂದೂ ಒಪ್ಪಿಗೆಯಾಗಿಲ್ಲ. ಮೊದಲ ಚಿತ್ರಗಳಲ್ಲಿ ಕ್ಯಾಮೆರಾ ಎದುರು ನಿಂತಾಗ ಮೈಕೈ ಮರಗಟ್ಟಿ, ಬಾಯಿಯಿಂದ ಮಾತೇ ಹೊರಡದಂತಾಗುತ್ತಿತ್ತೆಂದು ಅವರೇ ತಮ್ಮ ಚಿತ್ರಜೀವನದ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ನಾವು ಇಂದು ಮೆಚ್ಚುವ ಆ ಸಹಜತೆಯನ್ನು ಅವರು ವರ್ಷಗಟ್ಟಲೆ ದುಡಿದು ಸಂಪಾದಿಸಿದರು. ಆ ದುಡಿಮೆಯ ಬಹುಪಾಲು ನಡೆದದ್ದು ಸ್ಟುಡಿಯೋಗಳ ಹೊರಗೆ, ಬೀದಿ ನಾಟಕಗಳಲ್ಲಿ, ಮೆರವಣಿಗೆಗಳಲ್ಲಿ, ಒಂದಿಷ್ಟು ಕಾಲ ಜೈಲಿನಲ್ಲಿ. ಅವರ ನಟನೆಯನ್ನೂ ಅವರ ಹೋರಾಟವನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಓದಿದರೆ ಎರಡೂ ಅರ್ಧಂಬರ್ಧವಾಗಿಯೇ ಉಳಿಯುತ್ತವೆ.

ಅವರು ಹುಟ್ಟಿದ್ದು 1913ರ ಮೇ 1ರಂದು, ಇಂದು ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ. ತಂದೆ ಬಟ್ಟೆ ವ್ಯಾಪಾರಿ, ಆರ್ಯ ಸಮಾಜದ ನಿಷ್ಠಾವಂತರು. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮುಗಿಸಿದ ಮಗ ಅಂಗಡಿಯಲ್ಲಿ ಕೂರಬೇಕೆಂಬುದು ಮನೆಯವರ ಬಯಕೆಯಾಗಿತ್ತು. ಮಗನಾದರೋ ಪತ್ನಿ ದಮಯಂತಿಯವರೊಡನೆ ಶಾಂತಿನಿಕೇತನಕ್ಕೆ ಹೋಗಿ ಅಧ್ಯಾಪಕರಾದರು. ಅಲ್ಲಿಂದ ಗಾಂಧೀಜಿಯವರ ಸೇವಾಗ್ರಾಮ, ಸೇವಾಗ್ರಾಮದಿಂದ ಲಂಡನ್ನಿನ ಬಿಬಿಸಿ. ಎರಡನೇ ಮಹಾಯುದ್ಧದ ದಿನಗಳನ್ನು ಅವರು ಬಾಂಬುಗಳು ಬೀಳುತ್ತಿದ್ದ ಆ ನಗರದಲ್ಲಿ, ಹಿಂದೂಸ್ತಾನಿ ಭಾಷೆಯ ಪ್ರಸಾರಕರಾಗಿ ಕಳೆದರು. ಹೋಗುವಾಗ ಗಾಂಧಿಯ ಪ್ರಭಾವದಲ್ಲಿದ್ದ ಯುವಕ ಮರಳಿ ಬರುವಾಗ ಮಾರ್ಕ್ಸ್‌ವಾದಿಯಾಗಿದ್ದರು.

ಬೊಂಬಾಯಿಗೆ ಬಂದ ಮೇಲೆ ಅವರನ್ನು ಸೆಳೆದುಕೊಂಡದ್ದು ಭಾರತೀಯ ಜನ ನಾಟ್ಯ ಸಂಘ, ನಾವೆಲ್ಲ ಇಪ್ಟಾ ಎಂದು ಕರೆಯುವ ಸಂಸ್ಥೆ. ಬಂಗಾಳದ 1943ರ ಭೀಕರ ಬರಗಾಲವನ್ನು ಕುರಿತು ಈ ಸಂಘವೇ ಮುಂದೆ ನಿಂತು ತಯಾರಿಸಿದ, ಕೆ.ಎ. ಅಬ್ಬಾಸ್ ನಿರ್ದೇಶನದ 'ಧರತೀ ಕೇ ಲಾಲ್' ಚಿತ್ರದಲ್ಲಿ ಬಲರಾಜ್ ಮತ್ತು ದಮಯಂತಿ ಇಬ್ಬರೂ ನಟಿಸಿದರು. ಆ ಚಿತ್ರ 1946ರಲ್ಲಿ ತೆರೆಕಂಡಿತು. ಮರುವರ್ಷವೇ ದಮಯಂತಿ ತೀರಿಕೊಂಡರು. ಅದೇ ವರ್ಷ ದೇಶ ಹೋಳಾಯಿತು, ರಾವಲ್ಪಿಂಡಿ ಗಡಿಯ ಆಚೆಗೆ ಉಳಿಯಿತು. ಒಬ್ಬ ಮನುಷ್ಯ ಇಷ್ಟನ್ನೂ ಒಂದೇ ವರ್ಷದಲ್ಲಿ ಕಳೆದುಕೊಂಡ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಮುಂದಿನ ಚಿತ್ರಗಳನ್ನು ನೋಡಬೇಕು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಮ್ಯುನಿಸ್ಟರ ಮೇಲೆ ಸರ್ಕಾರದ ಕಣ್ಣು ಬಿದ್ದಿತ್ತು. ಮೆರವಣಿಗೆಯೊಂದರಲ್ಲಿ ಪಾಲ್ಗೊಂಡ ಸಾಹ್ನಿಯವರನ್ನು ಬಂಧಿಸಿ ಬೊಂಬಾಯಿಯ ಜೈಲಿಗೆ ಹಾಕಿದರು. ಆ ಹೊತ್ತಿಗೆ ಕೆ. ಆಸಿಫ್ ನಿರ್ಮಾಣದ 'ಹಲ್‌ಚಲ್' ಚಿತ್ರಕ್ಕೆ ಅವರು ಒಪ್ಪಿಕೊಂಡಾಗಿತ್ತು. ಆಸಿಫ್ ಅನುಮತಿ ಪಡೆದು ಅವರನ್ನು ಪೊಲೀಸ್ ಕಾವಲಿನಲ್ಲಿ ಚಿತ್ರೀಕರಣಕ್ಕೆ ಕರೆಸಿಕೊಳ್ಳುತ್ತಿದ್ದರು. ಆ ಚಿತ್ರದಲ್ಲಿ ಅವರದು ಜೈಲರನ ಪಾತ್ರ. ಹಗಲು ಜೈಲಧಿಕಾರಿಯ ಸಮವಸ್ತ್ರ ತೊಟ್ಟು ಸಂಭಾಷಣೆ ಹೇಳಿದವರು ಸಂಜೆ ಮತ್ತೆ ತಮ್ಮ ಕೋಣೆಗೆ ಮರಳಬೇಕಿತ್ತು. ಬಿಡುಗಡೆಯಾದ ಮೇಲೂ ಕೆಲಸ ಸುಲಭವಾಗಿ ಸಿಗಲಿಲ್ಲ. ತಮ್ಮ ನಿಲುವಿಗಾಗಿ ಅವರು ತೆತ್ತ ಬೆಲೆ ಸಣ್ಣದಲ್ಲ, ಆದರೂ ಅದನ್ನು ದೊಡ್ಡದು ಮಾಡಿ ಹೇಳಿಕೊಳ್ಳುವ ಸ್ವಭಾವ ಅವರ ಬರಹಗಳಲ್ಲಿ ನನಗೆಲ್ಲೂ ಕಂಡಿಲ್ಲ.

'ದೋ ಬಿಘಾ ಜಮೀನ್' (1953), ಅಂದರೆ ಎರಡು ಬಿಘಾ ಭೂಮಿ, ಈ ಚಿತ್ರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಿಘಾ ಎಂಬುದು ಉತ್ತರ ಭಾರತದ ಕಡೆಯ ನೆಲದ ಅಳತೆ. ಸಾಲಕ್ಕೆ ಸಿಕ್ಕಿಬಿದ್ದ ತನ್ನ ತುಂಡು ಭೂಮಿಯನ್ನು ಉಳಿಸಿಕೊಳ್ಳಲು ಕಲ್ಕತ್ತೆಗೆ ಹೋಗಿ, ಕೈಯಿಂದ ಎಳೆಯುವ ರಿಕ್ಷಾದ ಕೂಲಿಯಾಗುವ ಶಂಭು ಎಂಬ ರೈತನ ಕಥೆ ಅದು. ಕೋಟು ತೊಟ್ಟು, ಓದಿದವರ ಗತ್ತಿನಲ್ಲಿ ಬಂದು ನಿಂತ ಈ ಬಿಬಿಸಿ ಮನುಷ್ಯನನ್ನು ಕಂಡು ನಿರ್ದೇಶಕ ಬಿಮಲ್ ರಾಯ್ ಅವರಿಗೆ, ಈತ ನನ್ನ ರೈತನಲ್ಲ ಎಂದೇ ಅನ್ನಿಸಿತು. 'ಧರತೀ ಕೇ ಲಾಲ್'ನಲ್ಲಿ ರೈತನಾಗಿ ನಟಿಸಿದ್ದೇನೆಂದು ಸಾಹ್ನಿ ಹೇಳಿದ ಮೇಲೆ ಅವರು ಮನಸ್ಸು ಬದಲಿಸಿದರು. ಪಾತ್ರ ಸಿಕ್ಕ ಮೇಲೆ ಸಾಹ್ನಿ ಮಾಡಿದ ಮೊದಲ ಕೆಲಸವೆಂದರೆ, ಬೊಂಬಾಯಿಯ ಜೋಗೇಶ್ವರಿಯಲ್ಲಿ ಎಮ್ಮೆ ಸಾಕಿಕೊಂಡು ಹಾಲು ಮಾರುತ್ತಿದ್ದ ಉತ್ತರ ಪ್ರದೇಶ, ಬಿಹಾರದ ಭಯ್ಯಾಗಳ ಕೇರಿಗೆ ಹೋಗಿ ಅವರೊಡನೆ ಕಾಲ ಕಳೆದದ್ದು. ಅವರು ಹೇಗೆ ಕೂರುತ್ತಾರೆ, ಹೇಗೆ ಉಣ್ಣುತ್ತಾರೆ, ತಲೆಗೆ ಸುತ್ತುವ ವಸ್ತ್ರವನ್ನು ಒಬ್ಬೊಬ್ಬರೂ ಹೇಗೆ ತಮ್ಮದೇ ರೀತಿಯಲ್ಲಿ ಕಟ್ಟಿಕೊಳ್ಳುತ್ತಾರೆ ಎಂಬುದನ್ನೆಲ್ಲ ನೋಡಿ ನೋಡಿ ಕಲಿತರು.

ಇಷ್ಟಾದರೂ ಕಲ್ಕತ್ತೆಯ ಬೀದಿಯಲ್ಲಿ ರಿಕ್ಷಾ ಎಳೆಯುವ ದೃಶ್ಯಗಳ ಹೊತ್ತಿಗೆ ಅವರ ಧೈರ್ಯ ಉಡುಗಿತು. ಬಿಸಿಲು, ಜನಸಂದಣಿ, ಬರಿಗಾಲು, ಜೊತೆಗೆ ತಾನು ಬರೀ ನಕಲು ಮಾಡುತ್ತಿದ್ದೇನೆಂಬ ಒಳಗಿನ ಅಳುಕು. ಆಗ ಬಿಹಾರದ ನಡುವಯಸ್ಸಿನ ರಿಕ್ಷಾವಾಲನೊಬ್ಬ ಹತ್ತಿರ ಬಂದು, ಇಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿದ. ಸಾಹ್ನಿ ಚಿತ್ರದ ಕಥೆಯನ್ನು ಹೇಳುತ್ತಿದ್ದಂತೆ ಆ ಮನುಷ್ಯನ ಕಣ್ಣಲ್ಲಿ ನೀರು ಬಂತು. ಊರಿನಲ್ಲಿ ಅವನಿಗೂ ಎರಡು ಬಿಘಾ ಭೂಮಿ ಇತ್ತು, ಅದನ್ನು ಜಮೀನ್ದಾರನ ಬಳಿ ಅಡವಿಟ್ಟು ವರ್ಷಗಳೇ ಆಗಿದ್ದವು, ಬಿಡಿಸಿಕೊಳ್ಳಲೆಂದು ಈ ಊರಿಗೆ ಬಂದವನಿಗೆ ಅದು ಇನ್ನೂ ಸಾಧ್ಯವಾಗಿರಲಿಲ್ಲ. ಇದು ನನ್ನದೇ ಕಥೆ ಎಂದು ಹೇಳಿ ಅವನು ಹೊರಟುಹೋದ. ಅಂದಿನಿಂದ ನಟನಾಶಾಸ್ತ್ರದ ಪುಸ್ತಕಗಳನ್ನು ಮರೆತು, ಆ ಮನುಷ್ಯನ ಜೀವವನ್ನು ಒಳಗೆ ತುಂಬಿಕೊಳ್ಳಲು ಯತ್ನಿಸಿದೆ ಎಂಬರ್ಥದಲ್ಲಿ ಸಾಹ್ನಿ ಬರೆದಿದ್ದಾರೆ. ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು, ಮೊದಲ ಫಿಲ್ಮ್‌ಫೇರ್ ಶ್ರೇಷ್ಠ ಚಿತ್ರ ಪ್ರಶಸ್ತಿಯೂ ಬಂತು. ನನಗೆ ಮಾತ್ರ ಆ ರಿಕ್ಷಾವಾಲನೊಡನೆ ನಡೆದ ಮಾತುಕತೆಯೇ ಪ್ರಶಸ್ತಿಗಳಿಗಿಂತ ದೊಡ್ಡದೆನಿಸುತ್ತದೆ. ಜನರ ಪರವಾಗಿ ಮಾತಾಡುವವರು ಹಲವರಿದ್ದಾರೆ, ಜನರ ಮಾತನ್ನು ನಿಂತು ಕೇಳಿ ತಮ್ಮ ಕಸುಬನ್ನೇ ತಿದ್ದಿಕೊಂಡವರು ಕಡಿಮೆ.

ಆಮೇಲೆ ಚಿತ್ರಗಳು ಸಾಲಾಗಿ ಬಂದವು. 'ಕಾಬೂಲಿವಾಲಾ'ದ ಪಠಾಣನನ್ನೂ 'ವಕ್ತ್'ನಲ್ಲಿ ಹೆಂಡತಿಯ ಮುಂದೆ ಹಾಡುವ ಲಾಲಾನನ್ನೂ ನಮ್ಮಲ್ಲಿ ಬಲ್ಲವರು ಬಹಳ. ಸಂಸಾರ ನಡೆಸಲು ಒಪ್ಪಿಕೊಂಡ ಸಾಧಾರಣ ಚಿತ್ರಗಳೂ ಈ ಪಟ್ಟಿಯಲ್ಲಿ ಸಾಕಷ್ಟಿವೆ.

ಹೆಸರು, ಹಣ ಬಂದ ಮೇಲೂ ಅವರು ಬೀದಿಯನ್ನು ಬಿಡಲಿಲ್ಲ. 1970ರಲ್ಲಿ ಬೊಂಬಾಯಿ ಹತ್ತಿರದ ಮಗ್ಗಗಳ ಊರಾದ ಭಿವಂಡಿಯಲ್ಲಿ ಕೋಮುಗಲಭೆ ನಡೆದಾಗ ನೊಂದವರ ನಡುವೆ ಹೋಗಿ ನಿಂತರು. ಜೊತೆಯಲ್ಲಿ ಹೋಗಿದ್ದ ತಮ್ಮ, ಲೇಖಕ ಭೀಷ್ಮ ಸಾಹ್ನಿಯವರಿಗೆ ಸುಟ್ಟ ಮನೆಗಳನ್ನೂ ಸ್ತಬ್ಧವಾದ ಮಗ್ಗಗಳನ್ನೂ ನೋಡಿ 1947ರಲ್ಲಿ ರಾವಲ್ಪಿಂಡಿ ಕಂಡ ಗಲಭೆಗಳು ನೆನಪಾದವು. ದೇಶವಿಭಜನೆಯ ಕುರಿತಾದ 'ತಮಸ್' ಕಾದಂಬರಿ ಆರಂಭವಾದದ್ದು ಅಲ್ಲಿಂದಲೇ.

ಬಲರಾಜ್ ಅವರ ಇನ್ನೊಂದು ಹೋರಾಟ ಕನ್ನಡದ ಓದುಗರಿಗೆ ತೀರ ಹತ್ತಿರದ್ದು. ಮೊದಲು ಹಿಂದಿಯಲ್ಲಿ ಕಥೆ ಬರೆಯುತ್ತಿದ್ದ ಸಾಹ್ನಿಯವರನ್ನು ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು, ನಿಮ್ಮ ಮಾತೃಭಾಷೆಯಲ್ಲಿ ಏಕೆ ಬರೆಯುವುದಿಲ್ಲ ಎಂದು ಕೇಳಿದ್ದರು. ಆ ಪ್ರಶ್ನೆ ಅವರೊಳಗೆ ವರ್ಷಗಟ್ಟಲೆ ಉಳಿಯಿತು. ಕೊನೆಗೆ ಪಂಜಾಬಿಗೆ ಮರಳಿ, ಗುರುಮುಖಿ ಲಿಪಿಯ ಟೈಪ್‌ರೈಟರನ್ನು ಚಿತ್ರೀಕರಣದ ಜಾಗಕ್ಕೂ ಒಯ್ದು ಬಿಡುವಿನಲ್ಲಿ ಬರೆಯತೊಡಗಿದರು. ಪಾಕಿಸ್ತಾನಕ್ಕೆ ಹೋಗಿ ಹುಟ್ಟೂರನ್ನು ಕಂಡು ಬಂದ ಪ್ರವಾಸಕಥನವೂ ಪಂಜಾಬಿಯಲ್ಲೇ ಇದೆ. 1972ರಲ್ಲಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಅವರು ಮಾಡಿದ ಭಾಷಣ, ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷವಾದರೂ ನಮ್ಮ ಮನಸ್ಸು ಏಕೆ ಇನ್ನೂ ಅನುಕರಣೆಯಲ್ಲೇ ಇದೆ ಎಂದು ವಿದ್ಯಾರ್ಥಿಗಳನ್ನು ನೇರವಾಗಿ ಕೇಳುತ್ತದೆ. ಹಿಂದಿ ಚಿತ್ರರಂಗದಿಂದ ಅನ್ನ ಉಂಡ ನಟನೊಬ್ಬ ಆ ಚಿತ್ರರಂಗದ ಅನುಕರಣೆಯನ್ನೂ ಬಿಡದೆ ಟೀಕಿಸಿದ್ದು ನನಗೆ ಬಹಳ ದಿಟ್ಟತನದ ಮಾತಾಗಿ ಕಾಣುತ್ತದೆ.

ಇಷ್ಟೆಲ್ಲ ಒಂದೆಡೆ ಸೇರಿದ್ದು 'ಗರಂ ಹವಾ'ದಲ್ಲಿ, ಮತ್ತು ಆ ಚಿತ್ರ ಮಾಡಿದವರು ನಮ್ಮ ಮೈಸೂರಿನ ಎಂ.ಎಸ್. ಸತ್ಯು. ಇಬ್ಬರೂ ಇಪ್ಟಾದವರು. ಸತ್ಯು ಕಲಾನಿರ್ದೇಶನ ಮಾಡಿದ 'ಹಕೀಕತ್'ನಲ್ಲಿ ಸಾಹ್ನಿ ನಟಿಸಿಯೂ ಇದ್ದರು. ಗಾಂಧಿ ಹತ್ಯೆಯ ನಂತರದ ಆಗ್ರಾದಲ್ಲಿ, ಬಂಧುಗಳೆಲ್ಲ ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೊರಟರೂ ತಾನು ಇಲ್ಲಿಯೇ ಇರುತ್ತೇನೆನ್ನುವ ಪಾದರಕ್ಷೆ ತಯಾರಕ ಸಲೀಂ ಮಿರ್ಜಾನ ಕಥೆ ಅದು. ಪಾಕಿಸ್ತಾನದ ಪಾಲಾದ ಊರಿನಲ್ಲಿ ಹುಟ್ಟಿದ ಹಿಂದೂ ಒಬ್ಬ, ಭಾರತ ಬಿಟ್ಟು ಹೋಗಲೊಪ್ಪದ ಮುಸಲ್ಮಾನನಾಗಿ ತೆರೆಯ ಮೇಲೆ ನಿಂತ. ಸಾಲ ಕೊಡುವವರು ಕೈ ಹಿಂದೆಳೆದಾಗ, ಪಿತ್ರಾರ್ಜಿತ ಮನೆ ಕೈಬಿಟ್ಟು ಬಾಡಿಗೆ ಮನೆಗಾಗಿ ಅಲೆಯುವಾಗ ಮಿರ್ಜಾ ಎಲ್ಲಿಯೂ ದನಿ ಏರಿಸುವುದಿಲ್ಲ. ಮನೆ ಕೇಳಲು ಹೋದಲ್ಲಿ, ಆಮೇಲೆ ಮುಜುಗರವಾಗುವುದು ಬೇಡವೆಂದು ತನ್ನ ಹೆಸರನ್ನೂ ಧರ್ಮವನ್ನೂ ತಾನೇ ಮೊದಲು ಹೇಳಿಬಿಡುತ್ತಾನೆ. ಬಾಡಿಗೆ ಮನೆಗಾಗಿ ಜಾತಿ, ಧರ್ಮದ ಪ್ರಶ್ನೆಗೆ ಇಂದಿಗೂ ಉತ್ತರ ಕೊಡಬೇಕಾದ ಊರುಗಳಲ್ಲಿ ಬದುಕುತ್ತಿರುವ ನನಗೆ ಆ ಸೌಜನ್ಯವನ್ನು ನೋಡುವಾಗ ಪ್ರತಿ ಸಲವೂ ಎದೆ ಹಿಂಡಿದಂತಾಗುತ್ತದೆ.

ಚಿತ್ರದಲ್ಲಿ ಮಿರ್ಜಾನ ಮಗಳು ಆಮಿನಾ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಸಾಹ್ನಿ ತಮ್ಮ ಮಗಳನ್ನು ಕಳೆದುಕೊಂಡು ಆಗ ಹೆಚ್ಚು ಕಾಲವಾಗಿರಲಿಲ್ಲ. ಆ ದೃಶ್ಯದಲ್ಲಿ ಅವರು ಎದೆ ಬಡಿದುಕೊಂಡು ಅಳುವುದಿಲ್ಲ. ಕೊನೆಯಲ್ಲಿ ಮನಸ್ಸು ಮುರಿದ ಮಿರ್ಜಾ ತಾನೂ ಹೊರಟು ಟಾಂಗಾ ಏರುತ್ತಾನೆ, ದಾರಿಯಲ್ಲಿ ಕೆಲಸಕ್ಕಾಗಿ ನಡೆದಿರುವ ಮೆರವಣಿಗೆಯನ್ನು ಕಂಡು ಮೊದಲು ಮಗನನ್ನು ಕಳಿಸಿ, ಹೆಂಡತಿಯನ್ನು ಮನೆಗೆ ಮರಳಿಸಿ, ತಾನೂ ಜನರ ನಡುವೆ ಸೇರಿಕೊಳ್ಳುತ್ತಾನೆ. ಮೆರವಣಿಗೆಗಾಗಿ ಜೈಲು ಕಂಡಿದ್ದ ನಟ ಆ ಹೆಜ್ಜೆಗಳನ್ನು ಇಡುವಾಗ ಅಭಿನಯವೆಷ್ಟು, ಬದುಕೆಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗದು.

ಆ ಚಿತ್ರದ ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು, ಅರವತ್ತು ತುಂಬುವ ಮೊದಲೇ ಅವರು ಹೃದಯಾಘಾತದಿಂದ ತೀರಿಕೊಂಡರು. ಗಲಭೆಯಾದೀತೆಂಬ ಹೆದರಿಕೆಯಿಂದ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಬಿಡುಗಡೆಗೆ ಅನುಮತಿ ಸಿಕ್ಕಿ 1974ರಲ್ಲಿ ಅದು ಮೊದಲು ತೆರೆಕಂಡದ್ದು ಬೆಂಗಳೂರಿನಲ್ಲಿ, ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಯಾವ ಗಲಭೆಯೂ ಆಗಲಿಲ್ಲ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ರಾಷ್ಟ್ರಪ್ರಶಸ್ತಿ ಚಿತ್ರಕ್ಕೆ ಸಂದಿತು, ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ಮಾತ್ರ ಸಾಹ್ನಿಯವರಿಗೆ ಬರಲಿಲ್ಲ. ಪ್ರತಿಯನ್ನು ಸರಿಪಡಿಸಿ 2014ರಲ್ಲಿ ಅದನ್ನು ಮತ್ತೆ ಚಿತ್ರಮಂದಿರಗಳಿಗೆ ತಂದರು. ನಾಟಕ ಕಲಿಯುತ್ತಿರುವ ಕಿರಿಯರು ಯಾರಾದರೂ ನಟನೆಯ ಬಗ್ಗೆ ಕೇಳಿದರೆ, ಶಂಭು ರಿಕ್ಷಾ ಎಳೆಯುವ ಭಾಗವನ್ನೂ ಮಿರ್ಜಾ ಬಾಡಿಗೆ ಮನೆ ಹುಡುಕುವ ಭಾಗವನ್ನೂ ಒಂದೇ ಸಂಜೆ ಕೂತು ನೋಡಿ ಎಂದು ನಾನು ಹೇಳುತ್ತೇನೆ.